ಅರ್ಧ ಹೆಜ್ಜೆ ಹಿಂದೆ

ಭಾನುವಾರ ಸಂಜೆ ಆರರೊಳಗೆ ಎಲ್ಲರೂ ಕೋಚ್ ಡೆಸ್‌ಗೆ ವಾರದ ವರದಿ ಕಳಿಸಬೇಕು. ಅದು ಟ್ರಯಥ್ಲಾನ್ ಕ್ಲಬ್ಬಿನ ಕಟ್ಟಳೆ. ಎಷ್ಟು ಈಜಿದೆ, ಎಷ್ಟು ಸೈಕಲ್ ತುಳಿದೆ, ಎಷ್ಟು ಓಡಿದೆ, ನಿದ್ದೆ ಹೇಗಿತ್ತು. ಕೊನೆಯದು, ಎಲ್ಲಿ ನೋವಿದೆ. ಟೀಗನ್ ಮೊದಲ ನಾಲ್ಕನ್ನು ಬೇಗಬೇಗ ತುಂಬಿದಳು. ಐದನೆಯದರ ಮುಂದೆ ಅವಳ ಬೆರಳು ನಿಂತಿತು. ಎಡಗಾಲಿನ ಮೊಣಕಾಲಿಗೂ ಹರಡಿಗೂ ನಡುವೆ, ಮುಂದಿನ ಮೂಳೆಯ ಒಳಬದಿಯಲ್ಲಿ, ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಮೂರು ವಾರದಿಂದ ನೋವಿತ್ತು. ಮೊದಲ ವಾರ ಓಡುತ್ತಾ ಓಡುತ್ತಾ ಮಾಯವಾಗುತ್ತಿತ್ತು. ಈಗ ಓಡುತ್ತಾ ಓಡುತ್ತಾ ಜಾಸ್ತಿಯಾಗುತ್ತಿತ್ತು.

'ಎಲ್ಲೂ ಇಲ್ಲ' ಎಂದು ಬರೆದು ಅವಳು ಕಳಿಸಿಬಿಟ್ಟಳು.

ಡೆಸ್‌ಗೆ ಎಪ್ಪತ್ತು ದಾಟಿತ್ತು. ಮೂವತ್ತು ವರ್ಷ ಮೀನಿನ ಲಾರಿ ಓಡಿಸಿದವನು. ಈಗ ಡೆವನ್‌ಪೋರ್ಟ್ ಎಂಬ ಬಂದರು ಊರಿನ ಈಜುಕೊಳದ ಬಾಗಿಲಲ್ಲಿ ಪ್ರತಿ ಸೋಮವಾರ ಒಂದು ಹಾಳೆ ಅಂಟಿಸುತ್ತಿದ್ದ. ಅದರಲ್ಲಿ ಮೂರು ಸಾಲು: ಹೊಸಬರು, ನಡುವಿನವರು, ಹುಚ್ಚರು. ಯಾರು ಯಾವ ಸಾಲಿನವರೆಂದು ಅವನು ಯಾರಿಗೂ ಹೇಳುತ್ತಿರಲಿಲ್ಲ; ಅವರವರೇ ತಿಳಿದುಕೊಳ್ಳಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಮೂರು ಬುದ್ಧಿಮಾತು ಇರುತ್ತಿದ್ದವು. 'ನಿಧಾನದ ದಿನ ನಿಧಾನ. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ನೀವು ಮೋಸ ಮಾಡುತ್ತಿದ್ದೀರಿ.' 'ರೇಸಿನ ದಿನ ಹೊಸ ಬೂಟು ಬೇಡ, ಹೊಸ ತಿಂಡಿ ಬೇಡ, ಹೊಸ ಉಪಾಯ ಬೇಡವೇ ಬೇಡ.' 'ಸಮುದ್ರದಲ್ಲಿ ಹೆದರಿಕೆಯಾದರೆ ಅಂಗಾತ ತೇಲಿ ಹತ್ತು ಎಣಿಸಿ. ಸಮುದ್ರಕ್ಕೆ ಅವಸರವಿಲ್ಲ.' ನೋವಿನ ಮಾತಂತೂ ಪ್ರತಿ ವಾರ ಇದ್ದೇ ಇರುತ್ತಿತ್ತು: 'ಹೇಳಿದರೆ ಬೈಯುವುದಿಲ್ಲ. ಮುಚ್ಚಿಟ್ಟರೆ ಬೈಯುತ್ತೇನೆ.'

ಟೀಗನ್ ಆ ಹಾಳೆಯನ್ನು ಬಾಯಿಪಾಠ ಮಾಡಿದ್ದಳು. ಹತ್ತನೇ ತರಗತಿಗೆ ಶಾಲೆ ಬಿಟ್ಟಮೇಲೆ ಅವಳು ಅಷ್ಟು ಶ್ರದ್ಧೆಯಿಂದ ಓದಿದ್ದು ಅದೊಂದನ್ನೇ. ನೋವು ಮುಚ್ಚಿಡುವುದು ತಪ್ಪೆಂದು ಗೊತ್ತಿದ್ದೂ ಅವಳು 'ಎಲ್ಲೂ ಇಲ್ಲ' ಎಂದು ಬರೆದಳು. ನೆರಿಡಾಳ ಸಲುವಾಗಿ ಬರೆದಳು.

ನೆರಿಡಾಗೆ ನಲವತ್ತಮೂರು. ಇಪ್ಪತ್ತಾರಕ್ಕೆ ಎರಡೂ ಕಣ್ಣು ಹೋಗಿದ್ದವು. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರಿನ ಫೋನು ಎತ್ತುವ ಕೆಲಸ. ಟ್ರಯಥ್ಲಾನ್ ಅವಳು ಒಬ್ಬಳೇ ಮಾಡಲಾಗದು. ಕಣ್ಣಿಲ್ಲದವರಿಗೆ ಗೈಡ್ ಬೇಕು. ಈಜುವಾಗ ಇಬ್ಬರ ತೊಡೆಗೂ ಸೇರಿಸಿ ಕಟ್ಟಿದ ರಬ್ಬರ್ ಹಗ್ಗ, ಆಮೇಲೆ ಗೈಡ್ ಮುಂದೆ ಕೂತು ನಡೆಸುವ ಜೋಡಿ ಸೈಕಲ್, ಓಡುವಾಗ ಇಬ್ಬರ ಕೈಯಲ್ಲೂ ಒಂದು ಗೇಣು ಹಗ್ಗ. ಆ ಹಗ್ಗ ಸಡಿಲವಾಗಿರಬೇಕು. ಗೈಡ್ ಎಳೆಯಕೂಡದು. ಪಕ್ಕಕ್ಕೆ ಇರಬೇಕು, ಇಲ್ಲವೇ ಅರ್ಧ ಹೆಜ್ಜೆ ಹಿಂದೆ. ಎಳೆದದ್ದು ಕಂಡರೆ, ಇಲ್ಲವೇ ಕೊನೆಯ ಗೆರೆ ದಾಟುವಾಗ ಗೈಡಿನ ಎದೆ ಮುಂದಿದ್ದರೆ, ಇಬ್ಬರೂ ರೇಸಿನಿಂದ ಹೊರಗೆ.

ಎರಡು ವರ್ಷದಿಂದ ನೆರಿಡಾಳ ಗೈಡ್ ಟೀಗನ್. ಮಾರ್ಚಿನ ಮೊದಲ ಭಾನುವಾರದ ರೇಸಿನಲ್ಲಿ ಒಂದು ಗಂಟೆ ಹದಿನೆಂಟು ನಿಮಿಷದೊಳಗೆ ಮುಗಿಸಿದರೆ ನೆರಿಡಾಗೆ ದೇಶದ ತಂಡದ ತರಬೇತಿ ಶಿಬಿರಕ್ಕೆ ಕರೆ ಬರುತ್ತದೆ. ಅವಳ ವಯಸ್ಸಿಗೆ ಅದು ಇನ್ನೊಂದು ಸಲ ಬರುವ ಮಾತಲ್ಲ. ಇಬ್ಬರೂ ಸೇರಿ ಮಾಡಿದ್ದ ಒಳ್ಳೆಯ ಸಮಯ ಒಂದು ಗಂಟೆ ಇಪ್ಪತ್ತು. ಎರಡು ನಿಮಿಷ ಎಲ್ಲಿಂದಲಾದರೂ ಹುಡುಕಿ ತರಬೇಕಿತ್ತು. ಗೈಡ್ ಕುಂಟಿದರೆ ಅವಳ ರೇಸೂ ಅಲ್ಲೇ ಮುಗಿಯುತ್ತದೆ, ನಡುದಾರಿಯಲ್ಲಿ ಗೈಡ್ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಇದೆಲ್ಲ ಟೀಗನ್‌ಗೆ ಗೊತ್ತಿತ್ತು. ಆದರೆ ಅವಳ ವಾರದಲ್ಲಿ ಮಾತು ಅಂತ ಇದ್ದದ್ದು ನೆರಿಡಾಳ ಜೊತೆ ಮಾತ್ರ. ಅವಳು ಕೆಲಸ ಮಾಡುವ ಈರುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ಯಂತ್ರದ ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡಿರುತ್ತಾರೆ. ಮನೆಯಲ್ಲಿ ಅಮ್ಮ ವೃದ್ಧಾಶ್ರಮದ ರಾತ್ರಿ ಪಾಳಿಯವಳು; ತಾಯಿ ಮಗಳು ಮಾತಾಡುವುದು ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿಗಳಲ್ಲಿ. 'ಕುರಿಮಾಂಸ ಕೆಳಗಿನ ತಟ್ಟೆಯಲ್ಲಿದೆ.' 'ಕರೆಂಟ್ ಬಿಲ್ ನೋಡು.' ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವ ಹುಡುಗಿ ನೆರಿಡಾಳ ಪಕ್ಕ ಓಡುವಾಗ ಮಾತ್ರ ಒಂದು ಗಂಟೆ ಬಿಡದೆ ಮಾತಾಡುತ್ತಿದ್ದಳು. ಮಾತಾಡಲೇಬೇಕಿತ್ತು. ಅವಳು ಸುಮ್ಮನಾದರೆ ನೆರಿಡಾಗೆ ದಾರಿ ಇಲ್ಲ.

ಜನವರಿಯ ಮಧ್ಯದ ಒಂದು ಮಂಗಳವಾರ, ಶೆಡ್ಡಿನಿಂದ ನೇರ ಬಂದು, ಅವಳು ನೆರಿಡಾಳ ಜೊತೆ ದೀಪಸ್ತಂಭದ ಗುಡ್ಡ ಹತ್ತಿದಳು. ನಿಧಾನದ ದಿನ.

"ನಿನ್ನೆ ಒಬ್ಬ ಮುದುಕ ಫೋನಲ್ಲಿ ಇಪ್ಪತ್ತು ನಿಮಿಷ ಬೈದ," ಎಂದಳು ನೆರಿಡಾ. ಏರಿನಲ್ಲೂ ಅವಳ ಉಸಿರು ಸಮವಾಗಿತ್ತು. "ನಲ್ಲೀಲಿ ಕೆಂಪು ನೀರು ಬರ್ತಿದೆಯಂತೆ. ನೀನೇ ಬಂದು ನೋಡು ಅಂದ. ನಾನಂದೆ, ಬರ್ತೀನಿ ಸ್ವಾಮಿ, ಕೆಂಪೋ ಹಸಿರೋ ನೀವೇ ಹೇಳ್ಬೇಕು, ನಾನು ಕುರುಡಿ."

"ಅಯ್ಯೋ! ಅವರೇನಂದ್ರು?"

"ಏನಂತಾನೆ? ಹಾಗಾದ್ರೆ ಕುಡಿದು ನೋಡು ಅಂದ. ಸರಿ, ಈಗ ಏನಿದೆ ಹೇಳು."

"ಬಲಗಡೆ ಸಮುದ್ರ. ಮೆಲ್ಬರ್ನಿಗೆ ಹೋಗೋ ಹಡಗು ಇನ್ನೂ ಕಟ್ಟೆ ಬಿಟ್ಟಿಲ್ಲ. ಬೇಲಿ ಮೇಲೊಂದು ಕಡಲಹಕ್ಕಿ, ಒಂಟಿ ಕಾಲಲ್ಲಿ ನಿಂತಿದೆ."

"ಇನ್ನೊಂದು ಕಾಲು ಏನಾಯ್ತು?"

"ಇದೆ. ಹೊಟ್ಟೆಗೆ ಮಡಚಿಟ್ಕೊಂಡಿದೆ. ಬೆರಳಿನ ತುದಿ ಕಾಣ್ತಿದೆ."

"ಜಂಬ ನೋಡು ಅದರದ್ದು."

ಟೀಗನ್ ನಕ್ಕಳು. ಗುಡ್ಡದ ತಲೆಯಲ್ಲಿ ಬಿಳಿ ಕೆಂಪು ಪಟ್ಟೆಯ ದೀಪಸ್ತಂಭವನ್ನು ಸುತ್ತಿ ಇಬ್ಬರೂ ಇಳಿಯತೊಡಗಿದರು. ಇಳಿಜಾರು ಅಂದರೆ ಪ್ರತಿ ಹೆಜ್ಜೆಯೂ ಆ ಹೆಬ್ಬೆರಳ ಜಾಗದ ಮೇಲೆ ಬೀಳುವುದು. ಅವಳು ಹಲ್ಲು ಕಚ್ಚಿದಳು. ಹಲ್ಲು ಕಚ್ಚಿದ ಬಾಯಿಂದ ಮಾತು ಹೇಗೆ ಬಂದೀತು? ತಿರುವಿನಲ್ಲಿ ಮರದ ಬೇರೊಂದು ಟಾರನ್ನು ಎತ್ತಿ ಹಿಡಿದಿತ್ತು. ಅದು ಅಲ್ಲಿದೆಯೆಂದು ಅವಳಿಗೆ ಎರಡು ವರ್ಷದಿಂದ ಗೊತ್ತು. 'ಬೇರು, ಮೂರು ಹೆಜ್ಜೆ' ಎಂದು ಪ್ರತಿ ಸಲ ಹೇಳುತ್ತಿದ್ದಳು. ಈ ಸಲ ಮೂರು ಹೆಜ್ಜೆ ಕಳೆದದ್ದೇ ತಿಳಿಯಲಿಲ್ಲ.

ನೆರಿಡಾ ಬಿದ್ದಳು. ಕೈಯೂರಿ, ಮಂಡಿ ಊರಿ, ಒಂದಾಳುದ್ದ ಜಾರಿಕೊಂಡು ಹೋಗಿ ಬಿದ್ದಳು. ಹಗ್ಗ ಟೀಗನ್‌ಳ ಬೆರಳಿಂದ ಕಿತ್ತುಕೊಂಡು ಹೋಯಿತು.

"ನೆರಿಡಾ! ನೆರಿಡಾ, ಏಳ್ಬೇಡಿ, ತಡೀರಿ."

ನೆರಿಡಾ ಎದ್ದು ರಸ್ತೆಯಲ್ಲೇ ಕೂತು ಅಂಗೈಗೆ ಉಫ್ ಉಫ್ ಎಂದು ಊದಿಕೊಂಡಳು. ಎರಡು ಮಂಡಿಯಿಂದಲೂ ರಕ್ತ ಇಳಿಯುತ್ತಿತ್ತು. "ಏನದು?"

"ಬೇರು. ನಾನು... ನೋಡ್ಲಿಲ್ಲ."

"ನೋಡ್ಲಿಲ್ವಾ?" ನೆರಿಡಾ ಮುಖ ಎತ್ತಿದಳು. "ಹಕ್ಕಿ ಮಡಚಿಟ್ಟ ಕಾಲಿನ ಬೆರಳು ಕಾಣೋ ಹುಡುಗಿಗೆ ದಿನಾ ಇರೋ ಬೇರು ಕಾಣ್ಲಿಲ್ವಾ?"

ಟೀಗನ್ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡಳು.

"ಹತ್ತು ದಿನದಿಂದ ಕೇಳಿಸ್ಕೋತಿದ್ದೀನಿ. ನಿನ್ನ ಬಲಗಾಲು ದಪ್ ಅನ್ನುತ್ತೆ, ಎಡಗಾಲು ಟಪ್ ಅನ್ನುತ್ತೆ. ಮೊದಲು ಎರಡಕ್ಕೂ ಒಂದೇ ಸದ್ದಿತ್ತು. ಏರಿನಲ್ಲಿ ಎಲ್ಲರ ಮಾತೂ ನಿಲ್ಲುತ್ತೆ, ಇಳಿಜಾರಲ್ಲಿ ಬಾಯಿ ಬಿಡ್ತಾರೆ. ನೀನು ತಿರುಗಾಮುರುಗ. ಎಷ್ಟು ದಿನ ಆಯ್ತು?"

"ಮೂರು ವಾರ."

"ಡೆಸ್‌ಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಹೇಳಿದ್ರೆ ನೀವು ಬೇರೆಯವರನ್ನ ತಂದ್ಕೋತೀರ ಅಂತ."

"ಹೌದು, ತಂದ್ಕೋತಿದ್ದೆ. ನಿನ್ನ ಕಾಲು ಸರಿಹೋಗೋವರೆಗೆ. ಆಮೇಲೆ ಅವಳನ್ನ ಕಳಿಸಿ ನಿನ್ನ ಕರೀತಿದ್ದೆ." ನೆರಿಡಾ ಅಂಗೈಯಲ್ಲಿ ಸಿಕ್ಕಿದ್ದ ಕಲ್ಲಿನ ಚೂರನ್ನು ಉಗುರಿಂದ ತೆಗೆದಳು. "ನೀನಾಗೇ ಹೇಳ್ತೀಯ ಅಂತ ಹತ್ತು ದಿನ ಕಾದೆ. ಅದು ನನ್ನ ತಪ್ಪು, ಅದಕ್ಕೆ ಮಂಡಿ ಕೊಟ್ಟೆ. ಬೀಳೋದೇನು ನನಗೆ ಹೊಸದಲ್ಲ ಹುಡುಗಿ. ಆದ್ರೆ ನೀನು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ, ಅಷ್ಟನ್ನೇ ನಂಬಿ ನಾನು ಕತ್ತಲಲ್ಲಿ ಓಡ್ತೀನಿ. ಈಗ ನೀನು ಇಲ್ಲ ಅಂದಾಗೆಲ್ಲ ನಾನು ಕಾಲು ಮುಂದಿಟ್ಟು ತಡಕಬೇಕಾ?"

"ಇನ್ಮೇಲೆ ಹೇಳ್ತೀನಿ."

"ಇರಬಹುದು. ಮನೆಗೆ ಬಿಡು ಈಗ."

ಅವಳ ಮೊಣಕೈ ಹಿಡಿದು ನೆರಿಡಾ ನಡೆದಳು. ಟೀಗನ್ ದಾರಿಯುದ್ದಕ್ಕೂ ಹೇಳುತ್ತಾ ಬಂದಳು: ಮೆಟ್ಟಿಲು, ಎಡಕ್ಕೆ ಕಂಬ, ಕಾರು ಬರ್ತಿದೆ ನಿಲ್ಲಿ. ಪ್ರತಿಯೊಂದಕ್ಕೂ ನೆರಿಡಾ 'ಥ್ಯಾಂಕ್ಸ್' ಎಂದಳು. ಎರಡು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದೇ ಇಲ್ಲ. ಯಾರೋ ದಾರಿಹೋಕರು ರಸ್ತೆ ದಾಟಿಸಿದರೆ ಹೇಳುವ ಮಾತು ಅದು. ಬಾಗಿಲ ಹತ್ತಿರ ಕೊನೆಯ ಥ್ಯಾಂಕ್ಸ್ ಹೇಳಿ ಒಳಗೆ ಹೋದಳು.

ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಲು ಶುರುವಾಗಿದೆ ಎಂದರು ಡಾಕ್ಟರು. ಎಂಟು ವಾರ ಓಡಕೂಡದು. ಮರುದಿನ ಡೆಸ್ ಈಜುಕೊಳದ ಹೊರಗಿನ ಬೆಂಚಿನ ಮೇಲೆ ಕೂತು, ಚಿಪ್ಪುಮೀನಿನ ಗಟ್ಟಿ ಸಾರು ತುಂಬಿ ಸುಟ್ಟ ಪೈ ತಿನ್ನುತ್ತಾ, ಬೈದ. ಬಾಯಿ ತುಂಬಿದ್ದರಿಂದ ಬೈಗುಳ ತುಂಡು ತುಂಡಾಗಿ ಬಂತು.

"ಎಪ್ಪತ್ತಾರು ಜನರ ವರದಿ ಓದ್ತೀನಿ ಕಣಮ್ಮ ವಾರ ವಾರ. ಒಬ್ಬ ನಿದ್ದೆ ಬರಲಿಲ್ಲ ಅಂತ ಬರೀತಾನೆ, ಒಬ್ಬಳು ಗಂಡನ ಗೊರಕೆ ಅಂತ ಬರೀತಾಳೆ. ನಿನ್ನದು ಒಂದೇ ನಾನು ಓದದೇನೇ ನಂಬ್ತಿದ್ದದ್ದು. 'ಎಲ್ಲೂ ಇಲ್ಲ'! ಸ್ವರ್ಗದಲ್ಲಿರೋರು ಕೂಡ ಹಾಗೆ ಬರೆಯಲ್ಲ."

"ತಪ್ಪಾಯ್ತು."

"ನನ್ನ ಹತ್ರ ಹೇಳಿ ಏನು ಬಂತು?" ಅವನು ಕೈ ಒರೆಸಿಕೊಂಡು ಜೇಬಿನಿಂದ ಹಾಳೆ ತೆಗೆದ. ಮೂರು ಸಾಲಿನ ಪಕ್ಕ ನಾಲ್ಕನೆಯದೊಂದನ್ನು ಪೆನ್ನಿನಲ್ಲಿ ಎಳೆದಿದ್ದ. ಮೇಲೆ 'ಮೂಲೆಗೆ ಕೂತವರು' ಎಂದು ಬರೆದಿದ್ದ. "ಆಳದ ನೀರಲ್ಲಿ, ಸೊಂಟಕ್ಕೆ ತೇಲೋ ಪಟ್ಟಿ ಕಟ್ಕೊಂಡು ಓಡು. ನೆಲ ಮುಟ್ಟಬಾರದು. ಬೇಜಾರಾಗುತ್ತೆ. ಬೇಜಾರಾದ್ರೆ ಸರಿಯಾಗಿ ಮಾಡ್ತಿದ್ದೀಯ ಅಂತ ಅರ್ಥ."

"ನೆರಿಡಾಗೆ?"

"ಹೋಬಾರ್ಟಿಂದ ಒಬ್ಬಳು ಬರ್ತಾಳೆ. ಇಮೋಜೆನ್ ಅಂತ, ಯೂನಿವರ್ಸಿಟಿ ಹುಡುಗಿ. ಕಾಲಿಗೆ ಚಕ್ರ ಕಟ್ಕೊಂಡಿದ್ದಾಳೆ."

ಹೀಗೆ ಟೀಗನ್ ನೀರಿನಲ್ಲಿ ಓಡತೊಡಗಿದಳು. ಶೆಡ್ಡಿನ ಕೆಲಸ ಮುಗಿದ ಮೇಲೆ, ಮೈಯಲ್ಲಿನ ಈರುಳ್ಳಿ ವಾಸನೆಯನ್ನು ಎರಡು ಸಲ ತೊಳೆದು, ಕೊಳದ ಆಳದ ಮೂಲೆಗೆ ಇಳಿಯುವಳು. ಕೈಕಾಲು ಆಡಿಸಿದಷ್ಟೂ ಇದ್ದಲ್ಲೇ ಇರುವ ಓಟ ಅದು. ನಲವತ್ತು ನಿಮಿಷದಲ್ಲಿ ಹತ್ತು ಗಜ ಮುಂದೆ ಹೋದರೆ ಹೆಚ್ಚು. ಹೇಳುವುದಕ್ಕೆ ದಾರಿಯಿರಲಿಲ್ಲ, ಕೇಳುವವರೂ ಇರಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ನೋಡುತ್ತಾ ಅವಳು ಕಾಲಾಡಿಸುತ್ತಿದ್ದಳು.

ಎರಡನೇ ವಾರದಿಂದ ಅದೇ ಹೊತ್ತಿಗೆ ನೆರಿಡಾ ಮತ್ತು ಇಮೋಜೆನ್ ಬರತೊಡಗಿದರು. ಇಮೋಜೆನ್ ಎತ್ತರದ ಹುಡುಗಿ, ನಗುಮುಖದವಳು. ಅವಳನ್ನು ದ್ವೇಷಿಸಲು ಟೀಗನ್ ಪ್ರಯತ್ನಪಟ್ಟಳು, ಆಗಲಿಲ್ಲ. ಗೋಡೆ ಹತ್ತಿರ ಬಂದಾಗ ನೆರಿಡಾಳ ತಲೆಗೆ ಪೆಟ್ಟಾಗದಂತೆ ಅವಳು ಅಂಗೈ ಚಾಚುತ್ತಿದ್ದಳು. ಇಬ್ಬರೂ ಹಗ್ಗ ಕಟ್ಟಿಕೊಂಡು ಆರನೇ ಲೇನಿನಲ್ಲಿ ಈಜುತ್ತಿದ್ದರು. ಟೀಗನ್ ಒಂದನೇ ಲೇನಿನ ಮೂಲೆಯಲ್ಲಿ ತೇಲುತ್ತಿದ್ದಳು. ಒಂದೇ ನೀರು. ಆದರೆ ಅವಳು ಬಾಯಿ ತೆರೆಯದಿದ್ದರೆ ನೆರಿಡಾಳ ಪಾಲಿಗೆ ಅವಳು ಇಲ್ಲವೇ ಇಲ್ಲ. ನೆರಿಡಾ ಮೂರು ಮಾರು ದೂರದಲ್ಲಿ ಟವೆಲ್ ಹುಡುಕುತ್ತಾ ಹೋದಾಗಲೂ ಟೀಗನ್ ಬಾಯಿ ತೆರೆಯಲಿಲ್ಲ. ಕದ್ದು ನೋಡುತ್ತಿರುವೆನೆಂದು ಅವಳಿಗೇ ಅನಿಸುತ್ತಿತ್ತು. ಮಂಡಿಯ ಗಾಯ ಒಣಗಿ ಹಕ್ಕಳೆಗಟ್ಟಿದ್ದು, ಆಮೇಲೆ ಹಕ್ಕಳೆ ಬಿದ್ದು ಗುಲಾಬಿ ಚರ್ಮ ಬಂದದ್ದು, ಎಲ್ಲವನ್ನೂ ಅವಳು ನೋಡಿದಳು.

"ಹೋಗಿ ಮಾತಾಡ್ಸು," ಎಂದ ಡೆಸ್ ಒಂದು ದಿನ, ಕೊಳದ ಅಂಚಿಗೆ ಬಗ್ಗಿ.

"ಆಮೇಲೆ."

"ನಿನ್ನ ಆಮೇಲೆ ಯಾವ ಊರಲ್ಲಿದೆ? ಬಸ್ಸಿದೆಯಾ ಅಲ್ಲಿಗೆ?"

ಅವಳು ನೀರಿಗೆ ಮುಖ ಅದ್ದಿಬಿಟ್ಟಳು.

ಆ ಭಾನುವಾರಗಳ ವರದಿಯಲ್ಲಿ ಅವಳು ಐದನೆಯ ಪ್ರಶ್ನೆಗೆ ಉದ್ದುದ್ದ ಬರೆದಳು. ಶೆಡ್ಡಿನ ಸಿಮೆಂಟು ನೆಲದ ಮೇಲೆ ನಾಲ್ಕು ಗಂಟೆ ನಿಂತರೆ ಇಷ್ಟು ನೋವು, ಮೆಟ್ಟಿಲಿಳಿದರೆ ಇಷ್ಟು, ಒತ್ತಿದರೆ ಇಷ್ಟು. ಬರೆದದ್ದು ಅಷ್ಟು ಸತ್ಯವಾಗಿದ್ದರೂ ಅದನ್ನು ಓದಬೇಕಾದವಳು ಓದುತ್ತಿರಲಿಲ್ಲ.

ರೇಸಿನ ದಿನ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಓಡಬಾರದವರಿಗೆ ಡೆಸ್ ಏನಾದರೊಂದು ಕೆಲಸ ಹಚ್ಚುತ್ತಾನೆ. ಟೀಗನ್‌ಗೆ ನೀರಿನ ಮೇಜು ಸಿಕ್ಕಿತು. ಜೊತೆಗೆ ಬೇಕರಿಯ ಮೊರಾಗ್, ದಪ್ಪ ದನಿಯ ಹೆಂಗಸು. ಓಟದ ದಾರಿ ಎರಡೂವರೆ ಕಿಲೋಮೀಟರಿನ ಸುತ್ತು, ಎರಡು ಸಲ. ಮೇಜು ಗೆರೆಯಿಂದ ಕಲ್ಲೆಸೆತದ ದೂರದಲ್ಲಿತ್ತು, ಹಾಗಾಗಿ ಪ್ರತಿಯೊಬ್ಬರೂ ಅವಳೆದುರು ಎರಡು ಸಲ ಹಾದುಹೋಗಬೇಕು.

ನೆರಿಡಾ ಮೊದಲ ಸುತ್ತಿಗೆ ಬಂದಾಗ ಟೀಗನ್ ಕೈಗಡಿಯಾರ ನೋಡಿದಳು. ಚೆನ್ನಾಗಿ ಬಂದಿದ್ದಳು. ಸೈಕಲ್ಲಿನಲ್ಲೇ ಒಂದು ನಿಮಿಷ ಉಳಿಸಿರಬೇಕು. ಬಿಳಿ ಟೋಪಿ, ಕಪ್ಪು ಕನ್ನಡಕ, ಗಟ್ಟಿಯಾಗಿ ಬಿಗಿದ ಬಾಯಿ. ಇಮೋಜೆನ್ ಪಕ್ಕದಲ್ಲಿ, "ನೀರು ಬಲಕ್ಕೆ, ಕೈ ಚಾಚಿ," ಎಂದಳು. ನೆರಿಡಾ ಕೈ ಚಾಚಿದಳು. ಟೀಗನ್ ಲೋಟವನ್ನು ಆ ಬೆರಳುಗಳಿಗೆ ತಾಗಿಸಿದಳು. ಅರ್ಧ ಕುಡಿದು, ಅರ್ಧ ತಲೆಗೆ ಸುರಿದುಕೊಂಡು, ನೆರಿಡಾ ಹೊರಟುಹೋದಳು. ಲೋಟ ಕೊಟ್ಟವರು ಯಾರೆಂದು ಅವಳು ಕೇಳಲಿಲ್ಲ. ಯಾರೂ ಕೇಳುವುದಿಲ್ಲ.

ಎರಡನೇ ಸುತ್ತಿಗೆ ಅವರು ದೂರದ ತಿರುವಿನಲ್ಲಿ ಕಾಣಿಸಿದಾಗಲೇ ಟೀಗನ್‌ಗೆ ಅದು ಕಂಡಿತು. ಹಗ್ಗ ಬಿಗಿಯಾಗಿತ್ತು. ಇಮೋಜೆನ್ ಅರ್ಧ ಹೆಜ್ಜೆ ಮುಂದಿದ್ದಳು. ಬೇಕೆಂದಲ್ಲ, ಗೆರೆ ಹತ್ತಿರವಾದಂತೆ ಅವಳ ಕಾಲು ತಾನಾಗಿ ಉದ್ದುದ್ದ ಬೀಳುತ್ತಿತ್ತು. ಎಳೆತಕ್ಕೆ ನೆರಿಡಾಳ ಎಡಭುಜ ಕೆಳಗೆ ಜಗ್ಗಿ, ಮೈ ವಾಲಿತ್ತು. ತೀರ್ಪುಗಾರ ಮೋಟಾರು ಬೈಕಿನ ಮೇಲೆ ಆಚೆ ಮುಖ ಮಾಡಿ ಇನ್ನಾರಿಗೋ ಏನೋ ಹೇಳುತ್ತಿದ್ದ. ಮೇಜು ದಾಟಿದರು, ಕಂಬ ದಾಟಿದರು. ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಇಮೋಜೆನ್‌ಗೆ ನೆನಪಾಯಿತೇನೋ, ತಟ್ಟನೆ ನಿಧಾನಿಸಿ ಹಿಂದಾದಳು. ನೆರಿಡಾಳ ಎದೆ ಮೊದಲು ದಾಟಿತು.

ಒಂದು ಗಂಟೆ ಹದಿನೇಳು ನಿಮಿಷ ನಲವತ್ತೊಂದು ಸೆಕೆಂಡು.

ಧ್ವನಿವರ್ಧಕದಲ್ಲಿ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಡೆಸ್ ಟೋಪಿ ತೆಗೆದು ಮುಖ ಒರೆಸಿಕೊಂಡ.

"ಮೊರಾಗ್, ಐದು ನಿಮಿಷ ನೋಡ್ಕೋತೀರಾ?" ಎಂದಳು ಟೀಗನ್.

"ಹೋಗು ಹೋಗು. ಅಷ್ಟು ಹೊತ್ತಿಂದ ಅದೇ ಕಡೆ ಕತ್ತು ಉದ್ದ ಮಾಡ್ತಿದ್ದೀಯ."

ಗೆರೆಯಾಚೆ ನೆರಿಡಾ ಮಡಚುವ ಕುರ್ಚಿಯಲ್ಲಿ ಕೂತಿದ್ದಳು, ಹೆಗಲಿಗೆ ಟವೆಲ್. ಸುತ್ತ ಐದಾರು ಜನ. ಟೀಗನ್ ಎರಡು ಮಾರು ದೂರದಲ್ಲಿ, ಬೇಲಿಗೆ ಒರಗಿ ನಿಂತಳು.

"ಹೇಗಿತ್ತು ಓಟ? ಯಾರಾದ್ರೂ ಹೇಳ್ರೋ," ಎಂದಳು ನೆರಿಡಾ.

"ಅದ್ಭುತ!"

"ಹಕ್ಕಿ ಥರ ಬಂದ್ರಿ."

"ಹಕ್ಕಿ ಹಾರುತ್ತೆ. ನನಗೆ ಭುಜ ಕಿತ್ತು ಬಂದ ಹಾಗಿದೆ. ಡೆಸ್, ನೀನು ಹೇಳು."

"ನಾನು ಗಡಿಯಾರ ನೋಡ್ತಿದ್ದೆ ಮಾರಾಯ್ತಿ. ಗಡಿಯಾರ ಚೆನ್ನಾಗಿತ್ತು."

ಎಲ್ಲರೂ ನಕ್ಕರು. ನೆರಿಡಾ ನಗಲಿಲ್ಲ, ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕಾದಳು. ಟೀಗನ್‌ಗೆ ಗೊತ್ತಿತ್ತು, ತಾನು ಈಗ ಹಿಂದಕ್ಕೆ ಹೋದರೆ ಬಂದದ್ದು ಯಾರಿಗೂ ತಿಳಿಯದು. ಹೇಳಿದರೆ ಎಲ್ಲರೂ ಅಂದುಕೊಳ್ಳುವುದೂ ಗೊತ್ತಿತ್ತು. ಕಿತ್ತುಹಾಕಿದ ಗೈಡ್, ಹೊಟ್ಟೆಕಿಚ್ಚು, ಇನ್ನೇನು. ಆದರೆ ಶಿಬಿರದಾಚೆಯ ದೊಡ್ಡ ರೇಸುಗಳಲ್ಲಿ ತೀರ್ಪುಗಾರರು ಆಚೆ ಮುಖ ಮಾಡಿ ನಿಂತಿರುವುದಿಲ್ಲ.

"ಹಗ್ಗ ಬಿಗಿಯಾಗಿತ್ತು," ಎಂದಳು.

ನೆರಿಡಾಳ ಮುಖ ನೇರ ಅವಳ ಕಡೆ ತಿರುಗಿತು.

"ಎಲ್ಲಿಂದ?"

"ಎರಡನೇ ಸುತ್ತಿನ ದೂರದ ತಿರುವಿನಿಂದ. ಇಮೋಜೆನ್ ಅರ್ಧ ಹೆಜ್ಜೆ ಮುಂದಿದ್ರು. ಅದಕ್ಕೇ ನಿಮ್ಮ ಎಡಭುಜ ನೋಯ್ತಿರೋದು. ಗೆರೆಗೆ ನಾಲ್ಕು ಹೆಜ್ಜೆ ಇದ್ದಾಗ ಹಿಂದೆ ಬಂದ್ರು. ತೀರ್ಪುಗಾರ ಆ ಕಡೆ ತಿರುಗಿದ್ದ. ಈ ಕಡೆ ತಿರುಗಿದ್ರೆ ನೀವು ಹೊರಗೆ."

ಇಮೋಜೆನ್‌ಳ ಕುತ್ತಿಗೆ ಕೆಂಪಾಯಿತು. "ನಂಗೆ ಕೊನೇಲಿ ನೆನಪಾಯ್ತು. ಅಷ್ಟು ದೂರದಿಂದ ಅಂತ ಗೊತ್ತಾಗ್ಲಿಲ್ಲ."

"ಹೊಟ್ಟೆಕಿಚ್ಚಿಗೆ ಹೇಳ್ತಿದ್ದೀಯಾ?" ಎಂದಳು ನೆರಿಡಾ ಟೀಗನ್‌ಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ರಸ್ತೆ ಎಷ್ಟು ಅಗಲವಿದೆ ಎಂದು ಕೇಳಿದ ಹಾಗಿತ್ತು.

"ಹೊಟ್ಟೆಕಿಚ್ಚೂ ಇದೆ," ಎಂದಳು ಟೀಗನ್. "ತುಂಬಾ ಇದೆ. ಹಗ್ಗವೂ ಬಿಗಿಯಾಗಿತ್ತು. ಎರಡೂ ನಿಜ."

ನೆರಿಡಾ ಟವೆಲಿನ ತುದಿಯಿಂದ ಬಾಯಿ ಒರೆಸಿಕೊಂಡಳು.

"ಕೇಳಿಸ್ಕೊಂಡ್ಯಾ ಇಮೋಜೆನ್? ನನಗೂ ಎಳೆದ ಹಾಗನ್ನಿಸ್ತಿತ್ತು. ಗೆಲ್ಲೋ ಆಸೇಲಿ ನಾನೂ ಬಾಯಿ ಬಿಡ್ಲಿಲ್ಲ. ಶಿಬಿರಕ್ಕೆ ಮೊದಲು ಇದನ್ನ ಸರಿ ಮಾಡ್ಕೋಬೇಕು, ಇಬ್ಬರೂ." ಆಮೇಲೆ ಟೀಗನ್ ಕಡೆ, "ಮಂಗಳವಾರ ಡೆಸ್ ಮನೆಗೆ ಬಾ. ನೋಡಿದ್ದೆಲ್ಲ ಕೂತು ಹೇಳು, ಸೈಕಲ್ ಇಳಿದಾಗಿನಿಂದ. ನಾನು ನಿನ್ನನ್ನ ಕ್ಷಮಿಸಿಲ್ಲ, ಅದು ಗೊತ್ತಿರಲಿ."

"ಗೊತ್ತು."

"ಶಿಬಿರಕ್ಕೂ ಇವಳೇ ಬರ್ತಾಳೆ."

"ಅದೂ ಗೊತ್ತು."

ನೆರಿಡಾ ತಲೆಯಾಡಿಸಿದಳು. ಪದಕಕ್ಕೆ ಹೆಸರು ಕೂಗಿದರು. ಇಮೋಜೆನ್ ಮೊಣಕೈ ಕೊಟ್ಟಳು, ಇಬ್ಬರೂ ಎದ್ದು ಹೋದರು. ಜನ ಅವರ ಹಿಂದೆ ಹೋದರು. ಕುರ್ಚಿಯ ಮೇಲೆ ಒದ್ದೆ ಟವೆಲ್ ಉಳಿಯಿತು. ಟೀಗನ್ ಅದನ್ನು ಬೇಲಿಗೆ ಹರವಿ, ಮೇಜಿಗೆ ಹಿಂದಿರುಗಿದಳು.

ಹುಚ್ಚರೂ ನಡುವಿನವರೂ ಮುಗಿದಿದ್ದರು. ಈಗ ಬರುತ್ತಿದ್ದವರು ಹೊಸಬರು, ಒಬ್ಬೊಬ್ಬರಾಗಿ, ನಡುವೆ ಬಹಳ ಬಹಳ ಖಾಲಿ ರಸ್ತೆ ಬಿಟ್ಟು. ಮೊರಾಗ್ ಪ್ರತಿಯೊಬ್ಬರಿಗೂ, "ಗೆರೆ ಬಂದೇಬಿಡ್ತು, ಇನ್ನೇನು ಬಂದೇಬಿಡ್ತು!" ಎಂದು ಕೂಗುತ್ತಿದ್ದಳು. ದಾರಿ ಬದಿಯವರೆಲ್ಲ ಹಾಗೇ ಕೂಗುತ್ತಾರೆ. ಮೊದಲ ಸುತ್ತಿನವರಿಗೂ ಅದನ್ನೇ ಕೂಗುತ್ತಾರೆ.

ಹನ್ನೆರಡು ಗಂಟೆಯ ಹೊತ್ತಿಗೆ ಮೊರಾಗ್ ಬೇಕರಿಗೆ ಹೋದಳು. ಗಾಳಿಗೆ ಖಾಲಿ ಲೋಟಗಳು ಉರುಳುತ್ತಿದ್ದವು. ಟೀಗನ್ ಬಗ್ಗಿ ಬಗ್ಗಿ ಆರಿಸಿದಳು. ಬಗ್ಗಿದಾಗ ಕಾಲು ಸ್ವಲ್ಪ ನೋಯುತ್ತಿತ್ತು. ಕಟ್ಟಕಡೆಯಲ್ಲಿ ಅರವತ್ತರ ಒಬ್ಬ ಮನುಷ್ಯ ನಡೆದುಕೊಂಡೇ ಬಂದು ಮೇಜನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ತುಟಿ ಬೆಳ್ಳಗಾಗಿತ್ತು. ಇದು ಅವನ ಮೊದಲನೇ ಸುತ್ತು.

"ಇನ್ನೂ ಎಷ್ಟಮ್ಮ?" ಎಂದ.

ಅವಳು ಲೋಟ ತುಂಬಿ ಅವನ ಕೈಗಿಟ್ಟಳು.

"ಇನ್ನೊಂದು ಸುತ್ತಿದೆ. ಎರಡೂವರೆ ಕಿಲೋಮೀಟರ್," ಎಂದಳು. "ಮೊದಲರ್ಧ ಗಾಳಿ ಎದುರಿಗಿದೆ. ತಿರುವು ದಾಟಿದ ಮೇಲೆ ಬೆನ್ನಿಗೆ ಬರುತ್ತೆ. ಕುಡಿದು ನಿಧಾನಕ್ಕೆ ಹೋಗಿ, ನೀವು ಬರೋವರೆಗೆ ಮೇಜು ಎತ್ತಲ್ಲ."